ಸಂದಿಯ ಕಡೆಯ ಕಿಟಕಿ

ಬಾಣಂತನಕ್ಕೆ ತವರಿಗೆ ಬಂದ ಹೊಸದರಲ್ಲಿ ಸುಷ್ಮಿತಾಳಿಗೆ ಅಮ್ಮನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ತಿಂಗಳು ಕಳೆಯುವಷ್ಟರಲ್ಲಿ ಅದೇ ಅಮ್ಮನ ಕಣ್ಣು ತಪ್ಪಿಸಿ, ಕೂಸನ್ನು ಎತ್ತಿಕೊಂಡು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸತೊಡಗಿತು. ಓಡುವುದು ಹಾಗಿರಲಿ, ಕೋಣೆಯ ಹೊಸ್ತಿಲು ದಾಟಿ ನಡುಮನೆಯ ಫ್ಯಾನಿನ ಕೆಳಗೆ ಒಂದು ಗಳಿಗೆ ನಿಲ್ಲಲೂ ಓಬಮ್ಮ ಬಿಡುತ್ತಿರಲಿಲ್ಲ.

ಆ ಕೋಣೆ ಮನೆಯ ಪಡುವಣ ಮೂಲೆಯದು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗಿನ ಬಿಸಿಲನ್ನೆಲ್ಲ ಅದರ ಗೋಡೆಯೇ ತಿನ್ನಬೇಕು. ಮೇಲೆ ಕಾಂಕ್ರೀಟಿನ ಸೂರು. ಬಡಗಣಕ್ಕೆ ಒಂದೇ ಒಂದು ಕಿಟಕಿ, ಅದಕ್ಕೂ ಹಳೆಯ ರಗ್ಗನ್ನು ಮೊಳೆ ಹೊಡೆದು ಮುಚ್ಚಲಾಗಿತ್ತು. ಯಾರಾದರೂ ಮರೆತು ಹಾಕಿಬಿಟ್ಟಾರೆಂದು ಫ್ಯಾನಿನ ರೆಗ್ಯುಲೇಟರನ್ನೇ ಓಬಮ್ಮ ಕೀಳಿಸಿಟ್ಟಿದ್ದಳು. ಮಂಚದ ಕೆಳಗೆ ಬೆಳಿಗ್ಗೆ ಸಂಜೆ ಚಿಪ್ಪಿನ ಕೆಂಡದ ಬಾಂಡ್ಲಿ. ತೆಂಗಿನ ಚಿಪ್ಪಿಗೇನು ತಿಪಟೂರಿನಲ್ಲಿ ಬರವೆ? ಸುಷ್ಮಿತಾಳ ಕಿವಿಗೆ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ತುಂಬುತೋಳಿನ ಸ್ವೆಟರು, ಕಾಲಿಗೆ ಕಾಲುಚೀಲ. ಕೂಸಿಗೆ ಉಲ್ಲನ್ ಟೋಪಿ, ಒಂದರ ಮೇಲೊಂದು ಅಂಗಿ, ಅದರ ಮೇಲೆ ಬಿಗಿಯಾಗಿ ಸುತ್ತಿದ ಹಳೆಯ ಪಂಚೆ. ಕುಡಿಯಲು ನೀರು ಕೇಳಿದರೆ ಉಗುರುಬೆಚ್ಚಗಿನದು ಅರ್ಧ ಲೋಟ, ಅದೂ ಊಟದ ಮೇಲೆ. ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುತ್ತಿದ್ದ ಕಾಲದಲ್ಲಿ ಈ ವೈಭವ.

"ಹಸಿ ಮೈ ಕಣೇ. ಈಗ ಗಾಳಿ ಹೊಕ್ರೆ ಸಾಯೋಗಂಟ ಬುಡಾಕಿಲ್ಲ," ಎನ್ನುತ್ತಿದ್ದಳು ಓಬಮ್ಮ.

ಓಬಮ್ಮ ಕೆಟ್ಟವಳಾಗಿದ್ದರೆ ಸುಷ್ಮಿತಾ ಎಂದೋ ಜಗಳವಾಡಿ ಗೆದ್ದುಬಿಡುತ್ತಿದ್ದಳು. ಬೆಳಕು ಹರಿಯುವ ಮುಂಚೆ ಎದ್ದು ಹಂಡೆಗೆ ಉರಿ ಹಾಕಿ, ಮಗಳ ಮೈಗೆ ಹರಳೆಣ್ಣೆ ತಿಕ್ಕಿ, ತೋಳು ಸೋಲುವಷ್ಟು ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಬೆಳ್ಳುಳ್ಳಿ ಮೆಣಸು ಅರೆದು ಸಾರು ಮಾಡಿ, ತಾನು ಉಂಡೆನೋ ಬಿಟ್ಟೆನೋ ನೆನಪಿಲ್ಲದೆ ಓಡಾಡುವ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಈ ವಿದ್ಯೆಯನ್ನೆಲ್ಲ ಅವಳು ಕಲಿತದ್ದು ದಬ್ಬೇಘಟ್ಟದ ತನ್ನ ತವರಿನಲ್ಲಿ. ಅಲ್ಲಿ ಹೆಂಚಿನ ಮನೆ, ಸುತ್ತ ತೆಂಗಿನ ತೋಟ, ಅದರಾಚೆ ನಾಲೆ ನೀರಿನ ಗದ್ದೆ. ಹೊತ್ತು ಇಳಿದರೆ ಸಾಕು, ಹೆಂಚು ತಣ್ಣಗಾಗಿ, ಬೇಸಗೆಯಲ್ಲೂ ಬೆಳಗಿನ ಜಾವಕ್ಕೆ ಹೊದಿಕೆ ಹುಡುಕಬೇಕು. ಅಂಥ ಮನೆಯಲ್ಲಿ ಮಂಚದ ಕೆಳಗಿನ ಕೆಂಡಕ್ಕೆ ಒಂದು ಕೆಲಸವಿತ್ತು. ಕೆಂಡ, ಕಂಬಳಿ, ಸಾಂಬ್ರಾಣಿ, ಹರಳೆಣ್ಣೆ ಎಲ್ಲವನ್ನೂ ಓಬಮ್ಮ ಮದುವೆಯಾಗಿ ಬರುವಾಗ ಜೊತೆಗೆ ತಂದಳು. ತೋಟವನ್ನು ಹೊತ್ತು ತರುವುದು ಯಾರ ಕೈಲಾದೀತು?

ತೋಟ ಇಲ್ಲೂ ಇತ್ತೆನ್ನಿ. ಗಂಡ ಆಂಜನಪ್ಪ ಬಸ್ಸಿನ ಕಂಡಕ್ಟರು. ಅವನು ಊರಂಚಿನ ಈ ಬಡಾವಣೆಯಲ್ಲಿ ಸೈಟು ಕೊಂಡಾಗ ಸುತ್ತಲೂ ಮರಗಳೇ ನಿಂತಿದ್ದವು. ಅವನ ಸೈಟಿನಲ್ಲೇ ನಾಲ್ಕಾರು ಮರ. ಹಿತ್ತಲಿನಲ್ಲಿ ಎರಡು ಬಾಡಿಗೆ ಕೋಣೆ ಎಬ್ಬಿಸಿದ ಮೇಲೆ ಅವುಗಳ ಶೀಟಿನ ಮೇಲೆ ಕಾಯಿ ಬೀಳುತ್ತವೆಂದು ಓಬಮ್ಮನೇ ಮುಂದೆ ನಿಂತು ಮರ ಕಡಿಸಿದಳು. ಎದುರಿನವರು ಕಾರು ನಿಲ್ಲಿಸಲು ಕಡಿಸಿದರು, ಹಿಂದಿನವರು ಬೇರು ಪಾಯಕ್ಕೆ ಬಂತೆಂದು ಕಡಿಸಿದರು. ಮಣ್ಣು ಕಾಣುವಲ್ಲೆಲ್ಲ ಸಿಮೆಂಟು ಬಳಿದದ್ದಾಯಿತು. ಈಗ ಹೊತ್ತು ಮುಳುಗಿದರೂ ಈ ಮನೆಗಳು ತಣ್ಣಗಾಗುವುದಿಲ್ಲ; ಹಗಲೆಲ್ಲ ನುಂಗಿದ ಬಿಸಿಲನ್ನು ಸಂಜೆಯಿಂದ ಒಂದರ ಮೇಲೊಂದು ಉಗುಳುತ್ತಾ ನಿಲ್ಲುತ್ತವೆ.

"ತುರುವೇಕೆರೆ ಕಡೆಯಿಂದ ಬರುವಾಗ ನೋಡ್ಬೇಕು ಕಣವ್ವ," ಎಂದು ಆಂಜನಪ್ಪ ಬಾಗಿಲಾಚೆ ನಿಂತು ಮಗಳಿಗೆ ಹೇಳುತ್ತಿದ್ದ. "ತೋಟದ ಮಧ್ಯೆ ಬತ್ತಾ ಇದ್ರೆ ಕಿಟಕೀಲಿ ತಂಪು ಗಾಳಿ. ಲೇಔಟು ಶುರುವಾಯ್ತೋ ಇಲ್ವೋ, ಮುಖಕ್ಕೆ ರಪ್ ಅಂತ ಬಿಸಿ ಹೊಡೀತದೆ. ಪ್ಯಾಸೆಂಜರೆಲ್ಲ ಕಿಟಕಿ ಎಳ್ಕೊಳೋದು ಅಲ್ಲೇ." ಅಷ್ಟು ಹೇಳಿ, ಬಾಣಂತಿ ಕೋಣೆ ಗಂಡಸರದ್ದಲ್ಲವೆಂದು ಅವನು ಟಿವಿ ಮುಂದೆ ಹೋಗಿ ಕೂರುತ್ತಿದ್ದ.

ಬಡಗಣ ಕಿಟಕಿಯಾಚೆ ಒಂದು ಸಂದಿ. ಒಬ್ಬ ಮನುಷ್ಯ ಅಡ್ಡಡ್ಡ ನುಗ್ಗಬಹುದಾದಷ್ಟು ಅಗಲ. ಸಂದಿಯಾಚೆ ಕೊಬ್ಬರಿ ಮಂಡಿಯ ರಂಗರಾಜುವಿನ ಮೂರಂತಸ್ತಿನ ಮನೆ. ಅವನು ಕಟ್ಟಿಸುವಾಗ ಜಾಗ ಬಿಡಲಿಲ್ಲವೆಂದು ಓಬಮ್ಮ ಬೀದಿಗಿಳಿದು ಜಗಳ ತೆಗೆದಿದ್ದಳು. ಇವಳ ಗಂಡ ಎಷ್ಟು ಜಾಗ ಬಿಟ್ಟಿದ್ದನೆಂದು ಮಾತ್ರ ಯಾರೂ ಕೇಳಬಾರದು. ಜಗಳದ ಕಾವಿನಲ್ಲಿ, ಬೀದಿಯ ಜನರೆಲ್ಲ ಕೇಳುವ ಹಾಗೆ, ರಂಗರಾಜುವಿನ ಹೆಂಡತಿ ರಂಗಕ್ಕನ ಮುಖದ ಮೇಲೆ ಕೈ ಚಾಚಿ ಆಣೆಯಿಟ್ಟಳು: "ಮನೆದೇವ್ರಾಣೆ, ನಿಮ್ಮ ಹೊಸ್ತಿಲು ತುಳುದ್ರೆ ನನ್ನ ವಂಶಕ್ಕೆ ಒಳ್ಳೇದಾಗದೇ ಇರ್ಲಿ!" ಬೇರೆ ಯಾವ ಶಾಪವೂ ಬಾಯಿಗೆ ಬರಲಿಲ್ಲವೇ ತಾಯಿ ಎಂದು ಕೇಳುವ ಧೈರ್ಯ ಅವತ್ತು ಯಾರಿಗೂ ಇರಲಿಲ್ಲ. ಅಂದಿನಿಂದ ಎರಡು ಮನೆಯವರಿಗೂ ಮಾತಿಲ್ಲ.

ಈ ವರ್ಷ ರಂಗಕ್ಕನ ಮಾವ ಶ್ರೀರಂಗಯ್ಯನವರು ಲಕ್ವ ಹೊಡೆದು ಹಾಸಿಗೆ ಹಿಡಿದರು. ಮಲಗಿ ಮಲಗಿ ಬೆನ್ನು ಹುಣ್ಣಾಯಿತು. ಬೆವರು ತಾಗಬಾರದೆಂದು ಡಾಕ್ಟರು ಹೇಳಿದ ಮೇಲೆ ಸಂದಿಯ ಕಡೆಯ ಅವರ ಕೋಣೆಗೆ ಏಸಿ ಹಾಕಿಸಿದರು. ಅದರ ಹೊರಗಿನ ಡಬ್ಬವನ್ನು ಸಂದಿಯೊಳಗೆ, ಓಬಮ್ಮನ ಕಿಟಕಿಗೆ ಸರಿಯಾಗಿ ಎದುರಿಗೆ ಕೂರಿಸಿದರು. ರಗ್ಗಿನ ಮರೆಯಿಂದ ಅದರ ಗುರುಗುಟ್ಟುವಿಕೆ ಸುಷ್ಮಿತಾಳಿಗೆ ಹಗಲೂ ಇರುಳೂ ಕೇಳುತ್ತಿತ್ತು.

ಕೂಸಿನ ಮೈ ಮೊದಲು ಬಿಸಿಯಾದದ್ದು ಒಂದು ಮಧ್ಯಾಹ್ನ. ಸುಷ್ಮಿತಾ ಗಾಬರಿಯಿಂದ ಕರೆದಳು. ಓಬಮ್ಮ ಬಂದು ಹಣೆ ಮುಟ್ಟಿ ನೋಡಿ ತೀರ್ಮಾನ ಕೊಟ್ಟಳು: "ಶೀತ ಒಳಗೆ ಸೇರೈತೆ. ನೀನು ಕದ್ದು ನೀರು ಕುಡಿದಿರ್ಬೇಕು." ಕೂಸಿಗೆ ಇನ್ನೊಂದು ಸುತ್ತು ಬಟ್ಟೆ ಬಿತ್ತು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಬಂತು. ಮೈ ಇನ್ನಷ್ಟು ಬಿಸಿಯಾಯಿತು; ಹಾಗಾದರೆ ಶೀತ ಇನ್ನಷ್ಟು ಒಳಗೆ ಹೋಗಿರಬೇಕೆಂದು ಕೆಂಡ ಇನ್ನಷ್ಟು ಬಂತು. ಕೂಸು ಮೊದಲು ಅತ್ತಿತು, ಆಮೇಲೆ ಕೊಸರಿತು, ಆಮೇಲೆ ಸುಮ್ಮನಾಯಿತು. "ನೋಡ್ದಾ, ಹಿತವಾಯ್ತು. ಎಂಗೆ ನಿದ್ದೆ ಮಾಡ್ತೈತೆ," ಎಂದಳು ಓಬಮ್ಮ.

ಆ ನಿದ್ದೆ ನೋಡಿ ಸುಷ್ಮಿತಾಳಿಗೆ ಜೀವ ಬಾಯಿಗೆ ಬಂತು. ಗಂಡ ತಿಮ್ಮರಾಜುವಿಗೆ ಫೋನು ಹಚ್ಚಿದಳು. ಅವನು ಚಿಕ್ಕನಾಯಕನಹಳ್ಳಿಯ ಹತ್ತಿರ ಯಾವುದೋ ಹೊಸ ಲೇಔಟಿಗೆ ಜೆಸಿಬಿ ಓಡಿಸುತ್ತಿದ್ದ.

"ದಬ್ಬೇಘಟ್ಟಕ್ಕಾದ್ರೂ ಕರ್ಕೊಂಡು ಹೋಗೀ ಅಂತ ನಿಮ್ಮಮ್ಮಂಗೆ ಹೇಳು. ತೋಟದಾಗೆ ತಂಪಾಗಿರ್ತದೆ," ಎಂದ.

"ಅಲ್ಲೆಲ್ಲೈತೆ ಮನೆ?" ಎಂದು ಓಬಮ್ಮ ಫೋನಿಗೆ ಕೇಳುವ ಹಾಗೆ ಕೂಗಿದಳು. "ನನ್ನ ತಮ್ಮ ಹೆಂಚೆಲ್ಲ ಇಳಿಸಿ ಆರ್‌ಸಿಸಿ ಹಾಕಿಸ್ತಾವ್ನೆ. ಬಾಣಂತೀನ ಬಯಲಲ್ಲಿ ಮನಗಿಸ್ಲಾ?"

"ಇಲ್ಗೇ ಬಾ ಅನ್ನಾನ ಅಂದ್ರೆ ನಮ್ದು ತಗಡಿನ ಮನೆ," ಎಂದು ತಿಮ್ಮರಾಜು ಗೊಣಗಿದ. ಅಷ್ಟಕ್ಕೆ ಯಾರೋ ಅವನನ್ನು ಕರೆದರು, ಫೋನು ಇಟ್ಟ. ಸುಷ್ಮಿತಾ ಫೋನು ಹಿಡಿದುಕೊಂಡೇ ಕೂತಳು. ಹುಟ್ಟಿದ ಮನೆ, ಮೆಟ್ಟಿದ ಮನೆ, ಅಜ್ಜಿಯ ಮನೆ, ಮೂರರಲ್ಲೂ ತನ್ನ ಕೂಸಿಗೆ ಉಸಿರಾಡಲು ಒಂದು ತಣ್ಣನೆಯ ಮೂಲೆ ಇಲ್ಲವಲ್ಲ ಎಂದು ಅಳು ಬಂತು.

ಮಾರನೆಯ ದಿನ ಆಶಾ ಕಾರ್ಯಕರ್ತೆ ಗಂಗಲಕ್ಷ್ಮಿ ಕೂಸಿನ ತೂಕ ನೋಡಲು ಬಂದಳು. ಕೋಣೆಯೊಳಗೆ ಕಾಲಿಟ್ಟವಳು "ಅಯ್ಯಪ್ಪಾ!" ಎಂದು ಎರಡು ಹೆಜ್ಜೆ ಹಿಂದೆ ಬಂದಳು. ಕೂಸಿನ ಸುತ್ತು ಬಿಚ್ಚಿದಳು. ಮೈಯೆಲ್ಲ ಕೆಂಪಗೆ ಬೆವರುಸಾಲೆ ಎದ್ದಿತ್ತು. ತಕ್ಕಡಿಗೆ ಹಾಕಿ ನೋಡಿದರೆ ಹೋದ ಸಲಕ್ಕಿಂತ ತೂಕ ಇಳಿದಿತ್ತು.

"ಓಬಮ್ಮಾರೆ, ಇದು ಶೀತ ಅಲ್ಲ, ಕಾವು. ಮಗೀಗೂ ಕಾವು, ಬಾಣಂತಿಗೂ ಕಾವು. ಇವ್ಳು ನೀರು ಕುಡೀದೇ ಇದ್ರೆ ಹಾಲೆಲ್ಲಿಂದ ಬತ್ತದೆ? ಕೆಂಡ ಈಚೆಗೆ ತೆಗೀರಿ, ಕಿಟಕಿ ತೆಗೀರಿ. ಮಗ ಇವತ್ತು ಸರ್ಯಾಗಿ ಹಾಲು ಕುಡೀಲಿಲ್ಲ ಅಂದ್ರೆ ಆಸ್ಪತ್ರೇಗೆ ಹಾಕ್ಬೇಕಾಯ್ತದೆ. ಕೈ ಮೀರಿದ್ರೆ ನನ್ನ ಕೇಳ್ಬ್ಯಾಡಿ."

ಕೈ ಮೀರುವ ಮಾತು ಕೇಳಿ ಓಬಮ್ಮನ ಮುಖ ಬಿಳಿಚಿಕೊಂಡಿತು. ಗಂಗಲಕ್ಷ್ಮಿ ಅತ್ತ ಹೋದದ್ದೇ ಇವಳು ಬಾಂಡ್ಲಿಯನ್ನು ಹೊರಗೆ ಒಯ್ದಳು, ಮಗಳಿಗೆ ಚೊಂಬು ತುಂಬ ನೀರು ತಂದಿಟ್ಟಳು, ಸುತ್ತಿಗೆ ಹುಡುಕಿ ತಂದು ರಗ್ಗಿನ ಮೊಳೆ ಕಿತ್ತಳು. ಇಷ್ಟು ದಿನ ಬೇಡಿಕೊಂಡದ್ದು ಕೊನೆಗೂ ಆಗುತ್ತಿದೆ ಎಂದು ಸುಷ್ಮಿತಾ ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರವೇ ಹೋಗಿ ನಿಂತಳು.

ಕದ ತೆರೆಯಿತು. ಒಲೆಯ ಬಾಯಿಯಿಂದ ಬಂದಂಥ ಗಾಳಿ ಭರ್ರನೆ ಅವಳ ಮುಖಕ್ಕೆ ಹೊಡೆಯಿತು. ಎದುರಿನ ಡಬ್ಬದೊಳಗೆ ರೆಕ್ಕೆ ಗಿರಗಿರ ತಿರುಗುತ್ತಾ, ಶ್ರೀರಂಗಯ್ಯನವರ ಕೋಣೆಯ ಬಿಸಿಯನ್ನೆಲ್ಲ ಎತ್ತಿ ತಂದು ಈ ಕೋಣೆಯೊಳಕ್ಕೆ ಸುರಿಯುತ್ತಿತ್ತು. ಬೇರೆಲ್ಲಿಗೆ ಹೋಗಬೇಕು ಅದು? ಎರಡು ಗೋಡೆಗಳ ನಡುವೆ ಅದಕ್ಕಿದ್ದ ದಾರಿ ಅದೊಂದೇ. ಕೂಸು ಬಾಯಿ ತೆರೆದು ಮುಲುಕಿತು. ಓಬಮ್ಮ ಕದವನ್ನು ಧಡ್ಡನೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ನಡುಮನೆಗೆ ಹೋಗೋಣವೆಂದರೆ ಅಲ್ಲಿಯ ಫ್ಯಾನೂ ಸೂರಿನ ಬಿಸಿಯನ್ನೇ ಕೆಳಕ್ಕೆ ಬೀಸುತ್ತಿತ್ತು.

ಆಮೇಲೆ ಅವಳು ಮಾಡಿದ್ದನ್ನು ಸುಷ್ಮಿತಾ ಕನಸಿನಲ್ಲೂ ಎಣಿಸಿರಲಿಲ್ಲ. ಸೆರಗು ಹೊದ್ದು, ಬೀದಿಗಿಳಿದು, ರಂಗಕ್ಕನ ಗೇಟಿನ ಮುಂದೆ ನಿಂತಳು. ಒಳಗೆ ಕಾಲಿಡಲಿಲ್ಲ. ಗೇಟಿನಾಚೆಯಿಂದಲೇ ಕರೆದಳು. ಸುಷ್ಮಿತಾ ಮುಂದಿನ ಬಾಗಿಲ ಮರೆಯಲ್ಲಿ ಉಸಿರು ಹಿಡಿದು ಕೇಳಿಸಿಕೊಂಡಳು.

"ರಂಗಕ್ಕಾ, ನನ್ನ ಮ್ಯಾಲಿನ ಸಿಟ್ಟನ್ನ ಕೂಸಿನ ಮ್ಯಾಲೆ ತೀರಿಸ್ಕಬ್ಯಾಡ. ವಸಿ ಹೊತ್ತು ಅದನ್ನ ನಿಲ್ಸವ್ವ. ಮಗ ಬೇಯ್ತಾ ಐತೆ."

ರಂಗಕ್ಕ ಒಳಗೆ ಹೋದಳು. ಸಂದಿಯ ಸದ್ದು ನಿಂತಿತು. ಓಬಮ್ಮ ಓಡಿ ಬಂದು ಕಿಟಕಿ ತೆರೆದಳು. ತಂಪೇನೂ ಬರಲಿಲ್ಲ, ಆದರೆ ಬಿಸಿ ನುಗ್ಗುವುದಾದರೂ ತಪ್ಪಿತು. ಸುಷ್ಮಿತಾ ಕೂಸಿನ ಬಾಯಿಗೆ ಹಾಲು ಹಿಡಿದಳು. ಕೂಸು ಎರಡು ಸಲ ಚೀಪಿ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಆಚೆ ಕೋಣೆಯಿಂದ ನರಳಿಕೆ ಶುರುವಾಯಿತು. ಮಾತು ಬಿದ್ದುಹೋದ ಮುದುಕರ ನರಳಿಕೆ. ಬರಬರುತ್ತಾ ಅದು ಜೋರಾಯಿತು. ಬೆವರು ಹುಣ್ಣಿಗಿಳಿದು ಉರಿಯುತ್ತಿರಬೇಕು. ರಂಗಕ್ಕ ಬೀಸಣಿಗೆ ಬೀಸುತ್ತಾ "ತಡ್ಕಳಿ ಮಾವ, ವಸಿ ತಡ್ಕಳಿ" ಎನ್ನುವುದು ಕೇಳಿಸುತ್ತಿತ್ತು. ಓಬಮ್ಮ ಕಿವಿ ಮುಚ್ಚಿಕೊಂಡಳು, ಕೂಸಿನ ಮುಖ ನೋಡಿದಳು, ಎದ್ದಳು, ಕೂತಳು. ಕೊನೆಗೆ ಕಂಬಿಗೆ ಬಾಯಿಟ್ಟು ಕೂಗಿಬಿಟ್ಟಳು.

"ಹಾಕ್ಕಳವ್ವ! ಹಾಕ್ಕೊ! ಆ ಯಜಮಾನ್ರ ಸಂಕಟ ನನ್ನ ಕೈಲಿ ಕೇಳಕ್ಕಾಗಾಕಿಲ್ಲ!"

ಅರೆ ತೆರೆದಿದ್ದ ಎದುರಿನ ಗಾಜು ಪೂರ್ತಿ ಸರಿಯಿತು. ರಂಗಕ್ಕನ ಬೆವೆತ ಮುಖ ಕಂಡಿತು. "ಓಬಮ್ಮಕ್ಕ, ಮಗೂನೂ ಬಾಣಂತೀನೂ ಇಲ್ಗೇ ಕಳ್ಸು. ಈ ಕೋಣೇಲೇ ಇನ್ನೊಂದು ಮಂಚ ಹಾಕಿಸ್ತೀನಿ. ಮಾವ ಏನೂ ಅನ್ನಾಕಿಲ್ಲ."

"ಏಸೀಲಿ ಹಸಿ ಬಾಣಂತೀನ ಮನಗಿಸ್ತಾರಾ? ಮೈ ಸೆಟೆದುಹೋಯ್ತದೆ. ಬ್ಯಾಡ," ಎಂದು ಓಬಮ್ಮ ಕದ ಮುಚ್ಚಿದಳು. ಡಬ್ಬ ಮತ್ತೆ ಗುರುಗುಟ್ಟಿತು.

ಸುಷ್ಮಿತಾ ಮತ್ತೊಮ್ಮೆ ಹಾಲು ಹಿಡಿದಳು. ಈ ಸಲ ಕೂಸು ಬಾಯಿಯನ್ನೇ ತೆರೆಯಲಿಲ್ಲ. ಅಂಗಾಲಿಗೆ ಉಗುರು ತಾಗಿಸಿದರೂ ಅಳಲಿಲ್ಲ. ಅವಳು ಗಂಗಲಕ್ಷ್ಮಿಗೆ ಫೋನು ಮಾಡಿದಳು. "ಆಟೋ ತಗೊಂಡು ಬತ್ತಾ ಇವ್ನಿ. ಅಷ್ಟರಾಗೆ ಎಲ್ಲಾದ್ರೂ ತಂಪಿರೋ ಕಡೆ ಹೋಗು, ಮೈ ಮೇಲಿನದೆಲ್ಲ ಬಿಚ್ಚು, ಹನಿ ಹನಿ ಹಾಲು ಹಿಂಡು," ಎಂದಳು ಗಂಗಲಕ್ಷ್ಮಿ.

ಸುಷ್ಮಿತಾ ಎದ್ದು ನಿಂತು ಕಿವಿಯ ಹತ್ತಿ ಕಿತ್ತೆಸೆದಳು.

"ಎಲ್ಗೇ?" ಎಂದು ಓಬಮ್ಮ ಬಾಗಿಲಿಗೆ ಅಡ್ಡ ಬಂದಳು. "ಆ ಮನೆ ಹೊಸ್ತಿಲಿಗೆ ನಾನು ಆಣೆ ಇಟ್ಟಿವ್ನಿ ಕಣೇ! ವಂಶದ ಮ್ಯಾಲೆ ಇಟ್ಟಿವ್ನಿ!"

"ಆಣೆ ನಿಂದು. ನಾನು ಕೊಟ್ಟ ಮನೆಯೋಳು. ದಾರಿ ಬುಡಮ್ಮ."

ಓಬಮ್ಮ ಬಿಡಲಿಲ್ಲ. ಮಗಳ ರಟ್ಟೆ ಹಿಡಿದಳು. ಹಿಡಿತ ಬಲವಾಗಿತ್ತು. ಸುಷ್ಮಿತಾ ಕೂಸನ್ನು ಅಮ್ಮನ ಮುಖದ ಹತ್ತಿರ ಹಿಡಿದಳು. ಕೂಸಿನ ಕತ್ತು ಒಂದು ಪಕ್ಕಕ್ಕೆ ಜೋಲಿತು. ಓಬಮ್ಮನ ಕೈ ತಾನಾಗಿ ಸಡಿಲವಾಯಿತು.

ಶ್ರೀರಂಗಯ್ಯನವರ ಕೋಣೆಯ ತಂಪು ಸುಷ್ಮಿತಾಳ ಮೈಗೆ ಸೋಕಿತು. ರಂಗಕ್ಕ ಅವಳನ್ನು ಮಂಚದ ಮೇಲೆ ಕೂರಿಸಿದಳು. ಇಬ್ಬರೂ ಸೇರಿ ಕೂಸಿನ ಅಂಗಿಗಳನ್ನು ಬಿಚ್ಚಿದರು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರು, ತುಟಿಯ ಮೇಲೆ ಹನಿ ಹನಿ ಹಾಲು ಹಿಂಡಿದರು. ಮೊದಲ ಹನಿಗಳು ಕೆನ್ನೆಗೆ ಹರಿದುಹೋದವು. ಆಮೇಲೆ ಒಂದು ಹನಿ ಗುಟುಕಾಯಿತು. ಗಂಗಲಕ್ಷ್ಮಿ ಆಟೋದಲ್ಲಿ ಬಂದಿಳಿದು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ಎರಡು ದಿನ ಇರಿಸಿಕೊಂಡು, ಕೂಸು ಬಾಯಿ ತುಂಬ ಹಾಲು ಕುಡಿದು ಬಟ್ಟೆ ಒದ್ದೆ ಮಾಡತೊಡಗಿದ ಮೇಲೆ ಡಾಕ್ಟರಮ್ಮ ಮನೆಗೆ ಬಿಟ್ಟರು. ಮಳೆ ಬೀಳುವವರೆಗೂ ಆ ಪಡುವಣ ಕೋಣೆಗೆ ಮಾತ್ರ ಕೂಸನ್ನು ಒಯ್ಯಬೇಡಿ ಎಂದು ಗಂಗಲಕ್ಷ್ಮಿ ಖಡಕ್ಕಾಗಿ ಹೇಳಿದಳು. ನಡುಮನೆಯೂ ಸಂಜೆಗೆ ಕುದಿಯುತ್ತಿತ್ತು. ಹಾಗಾಗಿ ಸುಷ್ಮಿತಾ ಆಸ್ಪತ್ರೆಯಿಂದ ನೇರವಾಗಿ ರಂಗಕ್ಕನ ಮನೆಗೇ ಬಂದಳು.

ಓಬಮ್ಮ ಅಡ್ಡಿ ಮಾಡಲಿಲ್ಲ. ದಿನಾ ಹೊತ್ತು ಹೊತ್ತಿಗೆ ಸಾರು, ಅನ್ನ, ಸಬ್ಬಸಿಗೆ ಪಲ್ಯ ಮಾಡಿ ಗೇಟಿನವರೆಗೆ ತಂದು ರಂಗಕ್ಕನ ಕೈಗೆ ಕೊಡುತ್ತಿದ್ದಳು. ಒಳಗೆ ಬಾ ಎಂದು ರಂಗಕ್ಕ ಎಷ್ಟು ಕರೆದರೂ ಬರಲಿಲ್ಲ. "ನಾನು ತುಳುದ್ರೆ ಅದು ಮಗೀಗೆ ತಟ್ತದೆ. ಬಾಯಲ್ಲಿ ಆಡ್ಬಾರದ್ದು ಆಡ್ಬುಟ್ಟಿವ್ನಿ, ನನಗೇ ಇರ್ಲಿ," ಎಂದು ತಿರುಗಿ ಹೋಗುತ್ತಿದ್ದಳಂತೆ.

ಒಂದು ಮಧ್ಯಾಹ್ನ ಊಟ ಮುಗಿದು, ಶ್ರೀರಂಗಯ್ಯನವರಿಗೂ ಕೂಸಿಗೂ ಜೊಂಪು ಹತ್ತಿದ್ದಾಗ, ಸುಷ್ಮಿತಾ ಸಂದಿಯ ಕಡೆಯ ಪರದೆಯನ್ನು ಸರಿಸಿ ನೋಡಿದಳು. ಎದುರಿಗೆ ತಮ್ಮ ಮನೆಯ ಕಿಟಕಿ ಹಾರು ಹೊಡೆದಿತ್ತು. ಕಂಬಿಗೆ ಹಣೆಯೊತ್ತಿ ಓಬಮ್ಮ ಕೂತಿದ್ದಳು. ಡಬ್ಬದ ಬಿಸಿಗಾಳಿಗೆ ಅವಳ ತಲೆಗೂದಲು, ಸೆರಗು ಹಾರಾಡುತ್ತಿದ್ದವು. ಮುಖ ಕಮರಿ ಹೋಗಿತ್ತು. ಸುಷ್ಮಿತಾ ಗಾಜು ತೆರೆಯಲು ಧೈರ್ಯ ಬಾರದೆ ಫೋನು ಮಾಡಿದಳು.

"ಯಾಕಮ್ಮ ಅಲ್ಲಿ ಕೂತಿದ್ದೀಯ? ಕಿಟಕಿ ಮುಚ್ಕೊಂಡು ನಡುಮನೇಗೆ ಹೋಗು. ಫ್ಯಾನ್ ಕೆಳ್ಗೆ ಮನಿಕ್ಕೊ."

"ನಡುಮನೆಯಿಂದ ಕೂಸು ಕಾಣ್ತದೇನೇ?"

ಸುಷ್ಮಿತಾ ಫೋನು ಇಟ್ಟು, ಮುದುಕರ ತಲೆದಿಂಬಿನ ಪಕ್ಕದಲ್ಲಿದ್ದ ರಿಮೋಟು ತೆಗೆದುಕೊಂಡು ಏಸಿ ಆರಿಸಿದಳು. ಸಂದಿಯ ಸದ್ದು ಇಳಿಯಿತು. ಅಮ್ಮನ ಸೆರಗು ಹಾರುವುದನ್ನು ನಿಲ್ಲಿಸಿ ಹೆಗಲ ಮೇಲೆ ಬಿತ್ತು. ಓಬಮ್ಮ ಒಂದು ಕ್ಷಣ ಸೆರಗನ್ನು ನೋಡಿಕೊಂಡಳು, ಡಬ್ಬವನ್ನು ನೋಡಿದಳು. ಮರುಗಳಿಗೆಗೆ ಧಡಕ್ಕನೆ ಎದ್ದು ಅಂಗೈಯಿಂದ ಕಂಬಿ ಬಡಿಯತೊಡಗಿದಳು. ಅವಳೇನು ಕೂಗುತ್ತಿದ್ದಾಳೆಂಬುದು ಗಾಜಿನ ಈಚೆಗೆ ಕೇಳಿಸಲಿಲ್ಲ. ಕೈಯನ್ನು ಮಾತ್ರ ಕೂಸಿನ ಕಡೆ ತೋರಿಸಿ, ಹಾಕು, ಹಾಕು ಎಂದು ಆಡಿಸುತ್ತಿದ್ದಳು.

ಕೂಸು ನಿದ್ದೆಯಲ್ಲಿ ಹಣೆ ಸುಕ್ಕಿಸಿ ಮೈ ಮುರಿಯಿತು. ಸುಷ್ಮಿತಾ ಕಣ್ಣು ಮುಚ್ಚಿ ಬಟನ್ ಒತ್ತಿದಳು. ಕಣ್ಣು ಬಿಟ್ಟಾಗ ಓಬಮ್ಮ ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆವರು ಒರೆಸಿಕೊಂಡು, ಮತ್ತೆ ಕಿಟಕಿಯ ಕಂಬಿಗೆ ಮುಖವಿಟ್ಟು ಕೂತಿದ್ದಳು.